ರಿಲಿಂಕ್ವಿಶ್ ಮತ್ತು ಕಾಶಿಯಲ್ಲಿ ಬಿಟ್ಟ ಪೇರಲ

ಕಚಹರಿಯ, ಅಂದರೆ ಇಲ್ಲಿನ ಕೋರ್ಟಿನ, ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಹನುಮಾನ್ ಘಾಟ್‌ನ ನಮ್ಮ ಮನೆಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಒಂದೇ. ಈಗ ಫೋನೇ ತರ್ಜುಮೆ ಮಾಡಿಬಿಡುತ್ತದಲ್ಲ ಆಂಟಿ, ನೀವು ಅಷ್ಟು ವರ್ಷ ಕೂತು ಮಾಡಿದ್ದಾದರೂ ಏನು? ನನಗೆ ಸಿಟ್ಟು ಬೇಗ ಬರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಇಳಿಯುವಷ್ಟರಲ್ಲಿ ಚಹಾ ಮಾಡಿ ಕೊಡುತ್ತೇನೆ. ಆಮೇಲೆ ಹೇಳುತ್ತೇನೆ: ಫೋನು ಓದಿ ಹೇಳುತ್ತದೆ, ನಿಜ. ಆದರೆ ಕಾಗದದ ಕೊನೆಯಲ್ಲಿ ‘ಇದನ್ನು ಕನ್ನಡದಲ್ಲಿ ಓದಿ ವಿವರಿಸಲಾಗಿದೆ, ಇವರು ಅರ್ಥ ಮಾಡಿಕೊಂಡಿದ್ದಾರೆ’ ಎಂದು ಬರೆದು ಸಹಿ ಹಾಕಬೇಕಲ್ಲ, ಅದನ್ನು ಯಾವ ಫೋನೂ ಹಾಕುವುದಿಲ್ಲ. ನೀವು ಸೇರುತ್ತಿರುವುದು ಆ ಸಹಿಯ ಕೆಲಸಕ್ಕೆ. ಉಳಿದದ್ದೆಲ್ಲ ತಿಂಗಳೊಪ್ಪತ್ತಿನಲ್ಲಿ ಬರುತ್ತದೆ.

ನಾನು ಹುಟ್ಟಿ ಬೆಳೆದದ್ದು ಇಲ್ಲಿಯೇ. ಅಜ್ಜ ಧಾರವಾಡದ ಕಡೆಯಿಂದ ಬಂದು, ನಮ್ಮ ಕಡೆಯ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸುತ್ತ ಕಾಶಿಯಲ್ಲಿ ನೆಲೆನಿಂತವರು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು. ಹೇಳಿಕೊಳ್ಳಲು ಮೂರು ಭಾಷೆ, ನೋಡಹೋದರೆ ಒಂದೂ ನೆಟ್ಟಗಿಲ್ಲ. ನನ್ನದು ಅಡುಗೆಮನೆಯ ಕನ್ನಡ. ಒಗ್ಗರಣೆ, ಮಡಿ, ಎಂಜಲು ಇವಕ್ಕೆಲ್ಲ ಮಾತಿತ್ತು. ಹೊಲದ ಬದು, ಮನೆಯ ಹಿತ್ತಲು, ಅಣ್ಣತಮ್ಮಂದಿರ ಪಾಲು-ವಾಟ್ನಿ ಇಂಥವಕ್ಕೆ ಇರಲಿಲ್ಲ. ತಮ್ಮನ ಜೊತೆ ಜಗಳಕ್ಕೆ ನಿಂತರೆ ಅರ್ಧಕ್ಕೆ ಹಿಂದಿಗೆ ಜಾರುತ್ತಿದ್ದೆ.

ಇಂಥವಳನ್ನು ಕೆಲಸಕ್ಕೆ ತೆಗೆದುಕೊಂಡವರು ಪಾಠಕ್‌ಜಿ. ಕಚಹರಿಯ ಬೇವಿನ ಮರದ ಕೆಳಗೆ, ತಗಡಿನ ಚಪ್ಪರದಲ್ಲಿ ಮರದ ಚೌಕಿಯ ಮೇಲೆ ಕೂತು ನೋಟರಿ ಕೆಲಸ ಮಾಡುತ್ತಿದ್ದ ವಕೀಲರು. ದಕ್ಷಿಣದ ಯಾತ್ರಿಕರು ಸಾಮಾನು ಕಳೆದುಕೊಂಡು, ಜೊತೆಗೆ ಬಂದವರನ್ನು ಕಳೆದುಕೊಂಡು, ಒಮ್ಮೊಮ್ಮೆ ಜೀವವನ್ನೇ ಇಲ್ಲಿ ಬಿಟ್ಟವರ ಮರಣದ ಕಾಗದಕ್ಕಾಗಿ ಅವರ ಹತ್ತಿರ ಬರುತ್ತಿದ್ದರು. ಕನ್ನಡದವರು ಬಂದರೆ ಕೈಸನ್ನೆಯೇ ಗತಿಯಾಗಿತ್ತು. ಬಿಟಿಯಾ, ನಿನಗೆ ಎಷ್ಟು ಬರುತ್ತದೆ ಎಂದು ಕೇಳುವುದಿಲ್ಲ, ಬರುವುದಿಲ್ಲ ಎನ್ನುವಾಗ ನಾಚಿಕೆ ಪಡುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ. ಕೆಲಸ ಸಿಕ್ಕಿತು. ಇವತ್ತಿಗೂ ಊಟಕ್ಕೆ ಕೂರುವಾಗ ಅವರನ್ನು ನೆನೆಯುತ್ತೇನೆ.

ಅವರ ಪದ್ಧತಿಯೇ ಬೇರೆಯಾಗಿತ್ತು. ಬನಾರಸಿನವರು ಹೊಸಬರನ್ನು ಕಂಡರೆ ಹೆಸರಿಗಿಂತ ಮೊದಲು ಮನೆ ಎಲ್ಲಿ ಎಂದು ಕೇಳುತ್ತಾರೆ. ಪಾಠಕ್‌ಜಿ ಇಂಗ್ಲಿಷ್ ಮಾತುಗಳನ್ನೂ ಹಾಗೇ ವಿಚಾರಿಸುತ್ತಿದ್ದರು. ಯಾವುದಾದರೂ ಕಾನೂನಿನ ಮಾತು ಬಂದು ನಾನು ತಡವರಿಸಿದರೆ, ಕೈಯಲ್ಲಿದ್ದ ಪಾನ್ ಪಕ್ಕಕ್ಕಿಟ್ಟು, “ಇಸ್ ಶಬ್ದ್ ಕಾ ಘರ್ ಕಹಾಂ ಹೈ?” ಎನ್ನುತ್ತಿದ್ದರು. ಈ ಮಾತಿನ ಮನೆ ಯಾವುದು, ಎಲ್ಲಿಂದ ಬಂತು, ಬರುವಾಗ ಏನು ಹೊತ್ತುಕೊಂಡು ಬಂತು ಎಂದು ತಿಳಿಯದೆ ತರ್ಜುಮೆಗೆ ಕೈಹಾಕಬೇಡ ಎಂದು ಅದರ ತಾತ್ಪರ್ಯ. ಬೆನ್ನು ಕಿತ್ತುಹೋದ ಒಂದು ನಿಘಂಟನ್ನು ಸುತಳಿಯಿಂದ ಕಟ್ಟಿ ಇಟ್ಟಿದ್ದರು. ಅಫಿಡವಿಟ್ ಎಂದರೆ ಬರೀ ಪ್ರಮಾಣಪತ್ರ ಎಂದುಕೊಂಡಿದ್ದೆ. ನಿಘಂಟು ಬಿಚ್ಚಿದರೆ, ಲ್ಯಾಟಿನ್ನಿನಲ್ಲಿ ಅದು ‘ನಂಬಿಕೆಯ ಮೇಲೆ ಹೇಳಿದ್ದಾನೆ’ ಎಂಬ ಇಡೀ ವಾಕ್ಯ. ಅಂದಿನಿಂದ ಪ್ರತಿ ಅಫಿಡವಿಟ್ಟಿನ ಮುಂದೆ ಕೂತವರನ್ನು ಸ್ವಲ್ಪ ಹೆಚ್ಚು ಹೊತ್ತು ನೋಡತೊಡಗಿದೆ.

ಎಡವಟ್ಟುಗಳೂ ಆದವು. ಎಚ್. ಶಿವಪ್ಪ ಎಂಬೊಬ್ಬರು ವಿಶ್ವನಾಥ ಗಲ್ಲಿಯ ಜನಜಂಗುಳಿಯಲ್ಲಿ ಚೀಲ ಕಳೆದುಕೊಂಡು ಬಂದಿದ್ದರು. ಎಚ್ ಎಂದರೆ ಏನು ಎಂದು ಕೇಳಿದೆ, ಹೊಳಲ್ಕೆರೆ ಎಂದರು. ನಾನು ಕಾಶಿಯಲ್ಲಿ ಬೆಳೆದವಳು. ನಮ್ಮ ಕಡೆಯವರು ಹೆಸರಿನ ಮುಂದೆ ಊರನ್ನು ಕಟ್ಟಿಕೊಂಡು ಓಡಾಡುತ್ತಾರೆಂದು ಯಾರು ಹೇಳಬೇಕು? ತಂದೆಯ ಹೆಸರಿನ ಜಾಗದಲ್ಲಿ ಹೊಳಲ್ಕೆರೆ ಎಂದು ಬರೆದುಬಿಟ್ಟೆ. ಕಾಗದ ಹಿಡಿದು ಠಾಣೆಗೆ ಹೋದರೆ, ಎದುರಿಗಿದ್ದ ಅಧಿಕಾರಿ ಗಂಭೀರವಾಗಿ ಹೊಳಲ್ಕೆರೆಜಿ ಬದುಕಿದ್ದಾರೆಯೇ ಎಂದು ವಿಚಾರಿಸಿದರು. ನಾನೂ ಅಷ್ಟೇ ಗಂಭೀರವಾಗಿ ಅದನ್ನು ಕನ್ನಡಕ್ಕೆ ತಿರುಗಿಸಿ ಕೇಳಿದೆ. ಚೀಲ ಹೋದ ದುಃಖದಲ್ಲಿದ್ದ ಮನುಷ್ಯ ಮೇಜು ಹಿಡಿದುಕೊಂಡು ನಕ್ಕರು. ಊರಿಗೆ ಹೋದ ಮೇಲೆ ನನಗೆಂದು ಒಂದು ಡಬ್ಬಿ ಚಟ್ನಿಪುಡಿ ಕಳಿಸಿದರು. ನನ್ನ ಕನ್ನಡ ನೆಟ್ಟಗಾದದ್ದು ಇಂಥವರಿಂದಲೇ. ಬೀದರಿನವರು, ಕೊಪ್ಪಳದವರು, ಮಂಡ್ಯದವರು ಒಬ್ಬೊಬ್ಬರು ಒಂದೊಂದು ಮಾತು ಬಿಟ್ಟುಹೋದರು. ನಾನು ಎತ್ತಿಟ್ಟುಕೊಂಡೆ.

ಆಗೆಲ್ಲ ಟೈಪ್‌ರೈಟರು. ಒಂದಕ್ಷರ ತಪ್ಪಿದರೆ ಕಾರ್ಬನ್ ಹಾಳೆಗಳನ್ನೆಲ್ಲ ತೆಗೆದು ಮತ್ತೆ ಮೊದಲಿಂದ. ಹಾಗಾಗಿ ಬಡಿಯುವ ಮೊದಲು ಯೋಚಿಸುತ್ತಿದ್ದೆವು. ಕಂಪ್ಯೂಟರು ಬಂದ ಮೇಲೆ ಮೊದಲು ಬಡಿದು ಆಮೇಲೆ ಯೋಚಿಸುವ ಅಭ್ಯಾಸ ಬಂತು. ನಾನು ಕಂಪ್ಯೂಟರನ್ನು ಬೈಯುವವಳಲ್ಲ, ನನ್ನ ಬೆರಳಿನ ನೋವು ಹೋದದ್ದೇ ಅದರಿಂದ. ಹಳೆಯ ಕಾಗದದ ಮಾತುಗಳು ತಲೆಯೆತ್ತಿ ನೋಡದೆ ಹೊಸ ಕಾಗದಕ್ಕೆ ಬಂದು ಕೂರುತ್ತವೆ, ಅಷ್ಟೇ ನನ್ನ ತಕರಾರು.

ಹಾಗೆ ಬಂದು ಕೂತ ಒಂದು ಮಾತು ರಿಲಿಕ್ಟ್. ಪಕ್ಕದ ಶಿವಾಲ ಮೊಹಲ್ಲಾದಲ್ಲಿ ಕಾಶೀವಾಸಕ್ಕೆಂದು ಇದ್ದ ಯಜಮಾನರೊಬ್ಬರು ತೀರಿಕೊಂಡಿದ್ದರು. ಅವರ ಹೆಂಡತಿಯ ಕಾಗದಕ್ಕೆ ಹಳೆಯ ನಮೂನೆಯೊಂದನ್ನು ನೋಡಿಕೊಳ್ಳುವಾಗ ಹೆಂಗಸಿನ ಹೆಸರಿನ ಮುಂದೆ ‘ಇಂಥವರ ರಿಲಿಕ್ಟ್’ ಎಂದಿತ್ತು. ಪಾಠಕ್‌ಜಿ ಯಥಾಪ್ರಕಾರ ಮನೆ ಕೇಳಿದರು. ನಿಘಂಟು ಬಿಚ್ಚಿದೆ. ವಿಧವೆ ಎಂದು ಅರ್ಥ, ಮೂಲದಲ್ಲಿ ‘ಹಿಂದೆ ಬಿಟ್ಟುಹೋದದ್ದು’. ಉಂಡವರು ಎದ್ದುಹೋದ ಮೇಲೆ ಉಳಿದ ಎಲೆಯ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಒಂದು ಸಂಸಾರ ನಡೆಸಿದ ಹೆಂಗಸನ್ನು ಹೀಗೆ ಬರೆಯುತ್ತಾರೆಯೇ ಎಂದು ಅವರ ಮೇಲೆಯೇ ರೇಗಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆ ಮಾತಿಗೆ ಒಬ್ಬ ಅಕ್ಕ ಇದ್ದಾಳೆ, ಅವಳು ಇನ್ನೂ ಬದುಕಿದ್ದಾಳೆ, ದಿನಾ ನಮ್ಮ ಚೌಕಿಗೆ ಬರುತ್ತಾಳೆ ಎಂದರು. ರಿಲಿಂಕ್ವಿಶ್. ಅದರ ಮನೆಯೂ ಅದೇ. ಹಿಂದೆ ಬಿಟ್ಟು ಮುಂದೆ ಹೋಗುವುದು. ನಾವು ಅದನ್ನು ಹಕ್ಕು ಬಿಡುಗಡೆ ಎನ್ನುತ್ತೇವೆ. ಹೆಚ್ಚು ಭಕ್ತಿ ಇರುವ ವಕೀಲರು ಹಕ್ಕು ತ್ಯಾಗ ಎನ್ನುತ್ತಾರೆ.

ನಾಗವ್ವ ಬಂದದ್ದು ಅದಾದ ಮೇಲಿನ ಚಳಿಗಾಲದಲ್ಲಿ. ಗದಗಿನ ಹತ್ತಿರದ ಊರಿನ ಹೆಂಗಸು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಪ್ಪನ ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಳು. ಊರಿನ ಹೆಂಗಸರ ರವಿಕೆ, ಜಂಪರುಗಳೆಲ್ಲ ಅವಳ ಕಿಟಕಿಯ ಬೆಳಕಿನಲ್ಲೇ ಹೊಲಿಗೆಯಾಗುತ್ತಿದ್ದವು. ಅವಳನ್ನು ಕರೆದುಕೊಂಡು ಬಂದವನು ತಮ್ಮ ಬಸವರಾಜ. ಅಕ್ಕನಿಗೆ ಕಾಶಿ ತೋರಿಸಿದ ಪುಣ್ಯವಂತ, ಎದೆಯುಬ್ಬಿಸಿಯೇ ಬಂದ. ಪಾಠಕ್‌ಜಿ ತಮ್ಮೂರಿನ ಬಗ್ಗೆ ಬಹಳ ಹೆಮ್ಮೆಯುಳ್ಳವರು; ಈ ಚಳಿಯಲ್ಲಿ ಬಂದು ಏನು ಪ್ರಯೋಜನ, ಜ್ಯೇಷ್ಠದಲ್ಲಿ ಬಾ, ಬನಾರಸಿನ ಲಂಗಡಾ ಮಾವು ತಿನ್ನಿಸುತ್ತೇನೆ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಬಸವರಾಜನ ಮುಖ ಅರಳಿತು. ಮಾವಿನಹಣ್ಣೆಂದರೆ ತನಗೆ ಊಟ ಬೇಡ, ನಿದ್ದೆ ಬೇಡ ಎಂದ. ಕಾಶಿಯಲ್ಲಿ ನೀನೇನು ಬಿಟ್ಟೆ ಎಂದು ನಾನು ಕೇಳಿದ್ದಕ್ಕೆ, ತನಗಿನ್ನೂ ತಿನ್ನುವ ವಯಸ್ಸು, ಬಿಡುವುದೆಲ್ಲ ಅಕ್ಕನದು ಎಂದು ನಕ್ಕ.

ಕಾಶಿಗೆ ಬಂದ ನಮ್ಮ ಜನ ಇಷ್ಟವಾದ ಒಂದು ಹಣ್ಣು, ಒಂದು ತರಕಾರಿ ಗಂಗೆಯಲ್ಲಿ ಬಿಡುತ್ತಾರೆ, ಆಮೇಲೆ ಬದುಕಿರುವವರೆಗೆ ಅದನ್ನು ಬಾಯಿಗೆ ಹಾಕುವುದಿಲ್ಲ. ಇದು ನಿಮಗೆಲ್ಲ ಗೊತ್ತಿರುವುದೇ. ನಾಗವ್ವ ಹಣ್ಣು, ತರಕಾರಿಯ ಜೊತೆಗೆ ಮೂರನೆಯದನ್ನೂ ಬಿಟ್ಟು ಬಂದಿದ್ದಳು. ಬಸವರಾಜ ಇಂಗ್ಲಿಷಿನ ಕಾಗದ ಚೌಕಿಯ ಮೇಲಿಟ್ಟ. ತಂದೆಯ ಮನೆಯಲ್ಲಿ ನಾಗವ್ವನಿಗಿದ್ದ ಪಾಲನ್ನು ತಮ್ಮನಿಗೆ ರಿಲಿಂಕ್ವಿಶ್ ಮಾಡಲು, ಅವಳ ಪರವಾಗಿ ಊರಿನಲ್ಲಿ ನೋಂದಣಿ ಮಾಡಿಸಲು ಬಸವರಾಜನ ಭಾವಮೈದುನನಿಗೆ ಅಧಿಕಾರ ಕೊಡುವ ಪತ್ರ. ಅವಳ ಸಹಿ, ನೋಟರಿಯ ಮುದ್ರೆ, ಓದಿ ವಿವರಿಸಿದ್ದೇನೆ ಎಂಬ ನನ್ನ ಸಹಿ, ಇಷ್ಟೇ ಬಾಕಿ.

ಊರಿನಲ್ಲೇ ಮಾಡಿಸಬಹುದಿತ್ತಲ್ಲ ಎಂದೆ. ಬಸವರಾಜ ಮಾತಾಡುವ ಮೊದಲೇ ನಾಗವ್ವ ಉತ್ತರ ಕೊಟ್ಟಳು.

“ಕಾಶ್ಯಾಗ ಬಿಟ್ರ ಪುಣ್ಯಾ ಬರತೈತಿ ಅಂದ್ನರಿ ತಮ್ಮ. ಮುಂಜಾನಿ ಹೊಳ್ಯಾಗ ನಿಂತು ಮೂರೂ ಬಿಟ್ಟೀನ್ರಿ ಅಕ್ಕಾರ. ಪೇರಲಹಣ್ಣು, ಹೀರಿಕಾಯಿ, ಮನೀ ಪಾಲು. ಇನ್ನ ಒಲ್ಲೆ ಅಂದ್ರ ಪಾಪ ಬರತೈತಿ. ಸಹಿ ಎಲ್ಲಿ ಮಾಡ್ಲಿ ಹೇಳ್ರಿ.”

ನಾನು ತಮ್ಮನ ಮುಖ ನೋಡಿದೆ. ಅವನು ಬೇವಿನ ಮರ ನೋಡುತ್ತಿದ್ದ. ಕೆಟ್ಟವನೇನಲ್ಲ ಎಂದು ಈಗಲೂ ಹೇಳುತ್ತೇನೆ. ಹಳೆಯ ಮನೆ ಕೆಡವಿ ಹೊಸದು ಕಟ್ಟಬೇಕಿತ್ತು, ಮಗನ ಮದುವೆ ಮಾಡಬೇಕಿತ್ತು, ಮನೆ ಒಬ್ಬರ ಹೆಸರಿನಲ್ಲಿದ್ದರೆ ಅನುಕೂಲ. ಅಕ್ಕನ ಎದುರು ಕೂತು ಪಾಲು ಬಿಟ್ಟುಕೊಡು ಎಂದು ಕೇಳಲು ನಾಲಿಗೆ ಬಂದಿರಲಿಲ್ಲ. ಗಂಗೆಯನ್ನು ಮುಂದಿಟ್ಟುಕೊಂಡು ಕೇಳಿದ್ದ. ಹೊಸ ಮನೆಯ ನಕ್ಷೆ ಅವನ ಚೀಲದಲ್ಲೇ ಇತ್ತು, ನಾನೇ ಕೇಳಿ ನೋಡಿದೆ. ಹೊಲಿಗೆ ಮಷಿನ್ನಿನ ಕಿಟಕಿ ಇದ್ದ ಜಾಗದಲ್ಲಿ ಮೋಟರ್‌ಬೈಕ್ ನಿಲ್ಲಿಸುವ ಜಾಗ ಬರೆದಿತ್ತು. ನಾಗವ್ವನ ಖೋಲಿ ಎಲ್ಲಿ ಎಂದರೆ, ಅಕ್ಕ ನಮ್ಮ ಜೊತೆಗೇ ಇರುತ್ತಾಳಲ್ಲ ಎಂದ.

ಆ ಗಳಿಗೆಯಲ್ಲಿ ನಾನು ಮಾಡಬೇಕಾದ ಕೆಲಸ ಬಹಳ ಸಣ್ಣದು. ಕಾಗದದಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿ ಸಹಿ ಹಾಕುವುದು. ‘ಹಕ್ಕು ತ್ಯಾಗ’ ಎಂದಿದ್ದರೆ ನಾಗವ್ವ ಕೈಮುಗಿದು ಸಹಿ ಹಾಕುತ್ತಿದ್ದಳು. ತರ್ಜುಮೆ ತಪ್ಪೆಂದು ಯಾವ ನ್ಯಾಯಾಧೀಶರೂ ಹೇಳುತ್ತಿರಲಿಲ್ಲ. ಪಾಠಕ್‌ಜಿಗೆ ಕನ್ನಡ ಬಾರದು, ಆದರೂ ಎಲ್ಲ ತಿಳಿದವರ ಹಾಗೆ ಪಾನ್ ಪಕ್ಕಕ್ಕಿಟ್ಟರು. ಮಾತಿನ ಮನೆ ಕೇಳು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನಾಗವ್ವನನ್ನು ಚೌಕಿಯ ಮೇಲೆ ಕೂರಿಸಿ, ಆ ಒಂದು ಮಾತಿನ ಮೇಲೆ ಬೆರಳಿಟ್ಟು ಹೇಳಿದೆ. ಇದು ಪರದೇಶದ ಮಾತು, ಹುಟ್ಟಿದಾಗ ಇದರ ಅರ್ಥ ಹಿಂದೆ ಬಿಟ್ಟು ಹೋಗುವುದು. ಇದರಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಬಿಟ್ಟವರು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂದು ಈ ಮಾತು ಹೇಳುವುದಿಲ್ಲ, ಅದನ್ನು ಬಿಡುವವರೇ ತಿಳಿದಿರಬೇಕು. ಸಹಿ ಹಾಕಿದ ಮೇಲೆ ಆ ಮುಂದಿನ ಖೋಲಿ, ಕಿಟಕಿ, ಹೊಸ್ತಿಲು ನಿನ್ನದಲ್ಲ. ಅಲ್ಲಿ ಇರಬೇಕಾದರೆ ಇನ್ನೊಬ್ಬರು ಇರು ಅನ್ನಬೇಕು. ಇಷ್ಟನ್ನೂ ಯಾರ ಪರವೂ ವಹಿಸದೆ ಹೇಳಿದೆ. ಒಳಗೆ ಸಿಟ್ಟು ಕುದಿಯುತ್ತಿತ್ತು, ದನಿಯಲ್ಲಿ ಬರಗೊಡಲಿಲ್ಲ. ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅದೇ.

ನಾಗವ್ವ ಸೆರಗಿನ ಅಂಚಿನ ಹೊಲಿಗೆಯನ್ನು ಬೆರಳಿನಲ್ಲಿ ಸವರುತ್ತಿದ್ದಳು. ಆಮೇಲೆ ಕೇಳಿದಳು.

“ಅಕ್ಕಾರ, ನಾ ಬಿಟ್ಟ ಪೇರಲ ಯಾರ ಪಾಲಿಗೆ ಹೋತ್ರಿ?”

ಯಾರ ಪಾಲಿಗೂ ಇಲ್ಲ ಎಂದೆ. ಕಾಶಿಯಲ್ಲಿ ಬಿಟ್ಟದ್ದು ಯಾರಿಗೂ ಸೇರುವುದಿಲ್ಲ, ಬಿಟ್ಟದ್ದು ಬಿಟ್ಟ ಹಾಗೆ.

“ಮತ್ತ ಖೋಲಿ?”

ನಾನು ಕಾಗದದ ಮೇಲೆ ಬಸವರಾಜನ ಹೆಸರಿದ್ದ ಜಾಗ ತೋರಿಸಿದೆ. ಅವಳಿಗೆ ಇಂಗ್ಲಿಷ್ ಬಾರದು, ಆದರೆ ನಾನು ಬೆರಳಿಟ್ಟದ್ದು ಯಾರ ಹೆಸರಿನ ಮೇಲೆ ಎಂದು ತಿಳಿಯಿತು. ಪಾಪದ ಭಯ ಮಾತ್ರ ಇನ್ನೂ ಹೋಗಿರಲಿಲ್ಲ, ನೀರಿನಲ್ಲಿ ನಿಂತು ಆಡಿದ ಮಾತಲ್ಲವೇ. ನಾನು ಪಾಠಕ್‌ಜಿಗೆ ಹಿಂದಿಯಲ್ಲಿ ಹೇಳಿದೆ. ಅವರು ಕಾಶಿಯವರೇ, ಇಂಥ ವಿಷಯಕ್ಕೆ ಕಾನೂನಿನ ಪುಸ್ತಕ ಬೇಕಿಲ್ಲ. ಗಂಗೆಯಲ್ಲಿ ಗೃಹಸ್ಥರು ಬಿಡುವುದು ನಾಲಿಗೆಯ ರುಚಿ, ತಲೆಯ ಮೇಲಿನ ಸೂರು ಬಿಡುವವರು ಸನ್ಯಾಸಿಗಳು, ಅದಕ್ಕೆ ಬೇರೆಯೇ ವಿಧಿ ಇದೆ ಎಂದರು. ಅಮ್ಮ ಸನ್ಯಾಸ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳು ಎಂದರು. ಕೇಳಿದೆ.

“ಎಲ್ಲೀ ಸನ್ಯಾಸರಿ. ಸಂಕ್ರಮಣಕ್ಕ ಕೊಡೂ ಜಂಪರ್ ಅರ್ಧಾ ಹೊಲದು ಇಟ್ಟು ಬಂದೀನಿ,” ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡು ತಮ್ಮನ ಕಡೆ ತಿರುಗಿದಳು.

“ನೀ ಕೇಳಿದ್ರ ಕೊಡ್ತಿದ್ನೆಪಾ ತಮ್ಮಾ. ಗಂಗವ್ವನ್ನ ಯಾಕ ನಡುವ ತಂದಿ?”

ಬಸವರಾಜ ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡ. ಏನೇ ಮಾಡುವುದಿದ್ದರೂ ಊರಿಗೆ ಹೋಗಿ, ಕನ್ನಡದಲ್ಲಿ ಬರೆಸಿ, ಇಬ್ಬರೂ ಎದುರು ಕೂತು ಮಾಡಿ ಎಂದು ಪಾಠಕ್‌ಜಿ ಹೇಳಿದ್ದನ್ನು ನಾನು ತಿರುಗಿಸಿ ಹೇಳಿದೆ. ಅಕ್ಕ ತಮ್ಮ ಗೇಟಿನವರೆಗೆ ಒಬ್ಬರ ಹಿಂದೆ ಒಬ್ಬರು ನಡೆದುಹೋದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ತವರು ಎನ್ನುವುದು ಹೆಂಗಸಿಗೆ ಬರೀ ಖೋಲಿಯಲ್ಲ. ಅವಳ ಖೋಲಿ ಉಳಿಸಲು ಹೋಗಿ ಅವಳ ತಮ್ಮನನ್ನು ದೂರ ಮಾಡಿದೆನೇನೋ ಎಂದು ಬಹಳ ದಿನ ಮನಸ್ಸು ಕೊರೆಯಿತು. ಕಾಗದಕ್ಕೆ ಬಂದವರು ಆಮೇಲೆ ಏನಾದರು ಎಂದು ಈ ಕೆಲಸದಲ್ಲಿ ನಮಗೆ ತಿಳಿಯುವುದೇ ಇಲ್ಲ. ಹೊಸಬರು ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಕೆಲವು ವರ್ಷಗಳಲ್ಲಿ ಪಾಠಕ್‌ಜಿ ತೀರಿಕೊಂಡರು. ಸುತಳಿ ಕಟ್ಟಿದ ನಿಘಂಟನ್ನು ಅವರ ಮನೆಯವರು ನನಗೆ ತಂದುಕೊಟ್ಟರು. ನಾನೂ ನಿವೃತ್ತಳಾದೆ, ಮೊಣಕಾಲು ಕೈಕೊಟ್ಟಿತು, ಕಚಹರಿಯ ದಾರಿ ಮರೆತೆ. ಹೋದ ಬೇಸಿಗೆಯಲ್ಲಿ ಒಂದು ದಿನ ನಮ್ಮ ಗಲ್ಲಿಯ ಬಾಯಿಗೆ ಟೋಟೋ, ಅದೇ ಬ್ಯಾಟರಿ ರಿಕ್ಷಾ, ಬಂದು ನಿಂತಿತು. ಅದರಿಂದ ಇಳಿದ ಹೆಂಗಸು, ಕಚಹರಿಯ ಕನ್ನಡದ ಅಕ್ಕಾರ ಮನಿ ಯಾವುದು ಎಂದು ಕನ್ನಡದಲ್ಲೇ ಓಣಿಯವರನ್ನೆಲ್ಲ ಕೇಳುತ್ತ ಬರುತ್ತಿದ್ದಳು. ಹಾಲಿನ ಅಂಗಡಿಯವನು ನಗುತ್ತ ನಮ್ಮ ಬಾಗಿಲು ತೋರಿಸಿದನಂತೆ. ನಾಗವ್ವ. ಹಿಂದೆ ಚೀಲ ಹೊತ್ತುಕೊಂಡು ಬಸವರಾಜ.

ಇಬ್ಬರನ್ನೂ ಒಟ್ಟಿಗೆ ನೋಡಿ ನನಗೆ ಆದ ಸಂತೋಷವನ್ನು ಬರೆಯಲು ನನ್ನ ಮೂರು ಭಾಷೆಯೂ ಸಾಲದು. ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಹೊಸ ಮನೆ ಎದ್ದಿತ್ತು. ಊರಿನಲ್ಲೇ ಕೂತು ಕನ್ನಡದಲ್ಲಿ ಪತ್ರ ಬರೆಸಿದ್ದರು. ಮನೆಯ ಹಿಂಭಾಗವೆಲ್ಲ ತಮ್ಮನಿಗೆ, ಮುಂದಿನ ಖೋಲಿ ಅವಳ ಹೆಸರಿಗೆ, ಕಿಟಕಿ ಮೊದಲಿಗಿಂತ ದೊಡ್ಡದು. ನನಗೆಂದು ಜಂಪರ್ ಹೊಲಿದು ತಂದಿದ್ದಳು. ಅಳತೆ ಹೇಗೆ ತಿಳಿಯಿತು ಎಂದರೆ, ಅವತ್ತು ನೀವು ಸಿಟ್ಟು ತಡಕೊಂಡು ಕೂತಾಗ ನೋಡಿದ್ದೆ ಎಂದಳು. ಭುಜದಲ್ಲಿ ಚೂರು ಬಿಗಿ. ನಾನು ಹೇಳಲಿಲ್ಲ.

ಜ್ಯೇಷ್ಠ ಮಾಸ. ಪಾಠಕ್‌ಜಿ ಅವತ್ತು ಕರೆದದ್ದು ನೆನಪಾಯಿತು. ಅವರ ಪರವಾಗಿ ನಾನೇ ಲಂಗಡಾ ಮಾವು ಹೆಚ್ಚಿ ಇಬ್ಬರ ಮುಂದೆಯೂ ತಟ್ಟೆ ಇಟ್ಟೆ. ನಡುಮನೆಯೆಲ್ಲ ಘಮ ಘಮ. ಬಸವರಾಜ ಮುಟ್ಟಲಿಲ್ಲ. ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ, ನೀರು ಸಾಕು ಎಂದ. ಊಟ, ನಿದ್ದೆ ಬಿಟ್ಟು ತಿನ್ನುತ್ತೇನೆ ಎಂದವನು ನೀನೇ ಅಲ್ಲವೇ ಎಂದು ನಾನು ಒತ್ತಾಯಿಸಿದೆ. ಅವನು ನಾಚಿಕೊಂಡು ತಲೆ ತಗ್ಗಿಸಿದ. ನಾಗವ್ವನೇ ಹೇಳಿದಳು.

“ಅಂವಾ ಮಾವಿನಹಣ್ಣು ಬಿಟ್ಟಾನ್ರಿ. ಅವತ್ತ ನಿಮ್ಮ ಕಚೇರಿಯಿಂದ ಹೋದಾಂವ ಒಬ್ಬನ ಹೊಳಿಗಿ ಹೋಗಿ ಬಿಟ್ಟು ಬಂದಾನ. ನಂಗ ಹೇಳಲೇ ಇಲ್ಲ. ಮುಂದ ಬ್ಯಾಸಗಿ ಬಂದ ಮ್ಯಾಲ ಗೊತ್ತಾತ್ರಿ.”

ಇಷ್ಟು ವರ್ಷ ನನ್ನ ಮನಸ್ಸು ಕೊರೆಯುತ್ತಿದ್ದಾಗ, ಗದಗಿನ ಕಡೆಯ ಒಂದು ಮನೆಯಲ್ಲಿ ಒಬ್ಬ ಮನುಷ್ಯ ಪ್ರತಿ ಬೇಸಿಗೆಯಲ್ಲೂ ತಟ್ಟೆ ಸರಿಸುತ್ತಿದ್ದ. ನಾಗವ್ವ ತಮ್ಮನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ದೊಡ್ಡ ಹೋಳೊಂದನ್ನು ಬಾಯಿಗೆ ಹಾಕಿಕೊಂಡಳು.

“ಕಾಶ್ಯಾಗ ಬಿಟ್ಟದ್ದು ಯಾರ ಪಾಲಿಗೂ ಹೋಗೂದಿಲ್ಲ ಅಂದಿದ್ರಿ ಅಕ್ಕಾರ,” ಎಂದಳು. “ಇದು ನನ್ನ ಪಾಲಿಗೆ ಬಂತು ನೋಡ್ರಿ.”

ಬಸವರಾಜ ತಲೆಯೆತ್ತಿ ನಕ್ಕ. ಅವಳು ತಟ್ಟೆ ಖಾಲಿಯಾಗುವವರೆಗೂ ತಿಂದಳು.